ಗಣೆ ಮತ್ತು ಉಪ್ಪು

ಪಾವಗಡದ ಆಸ್ಪತ್ರೆಯಲ್ಲಿ ನಮ್ಮ ಮನೋರೋಗ ತಂಡಕ್ಕೆ ಕೊಟ್ಟಿದ್ದ ಕೋಣೆಯ ಮುಂದೆ ಅವತ್ತು ಬೆಳಿಗ್ಗೆ ಬೆಂಚುಗಳೆಲ್ಲ ಖಾಲಿ. ತಾಲ್ಲೂಕಿನವರ ತಲೆ ಎಲ್ಲ ಒಟ್ಟಿಗೇ ಸರಿಹೋಯಿತೇ ಎಂದುಕೊಂಡು ಆಚೆ ಬಂದೆ. ರೋಗಿಗಳು, ಅವರ ಜೊತೆ ಬಂದವರು, ಚೀಟಿ ಬರೆಯುವವರು ಎಲ್ಲರೂ ಬೇವಿನ ಮರದ ಸುತ್ತ ನಿಂತಿದ್ದರು. ನಡುವೆ ಒಬ್ಬ ಕಣ್ಣು ಮುಚ್ಚಿಕೊಂಡು ಗಣೆ ಊದುತ್ತಿದ್ದ.

ಗಣೆ ಎಂದರೆ ಗೊಲ್ಲರಹಟ್ಟಿಗಳ ಬಿದಿರಿನ ಕೊಳಲು. ಸಾಮಾನ್ಯ ಕೊಳಲಿಗಿಂತ ಬಹಳ ಉದ್ದ, ದನಿಯೂ ಅಷ್ಟೇ ಆಳ. ನಾನು ತೋವಿನಕೆರೆ ಕಡೆಯವಳು. ಚಿಕ್ಕಂದಿನಲ್ಲಿ ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದಾಗ ದೂರದಿಂದ ಒಂದೆರಡು ಸಲ ಆ ದನಿ ಕೇಳಿದ್ದೆ. ಅದಾದ ಮೇಲೆ ಓದು, ನರ್ಸಿಂಗು, ಜೀಪಿನ ತಿರುಗಾಟ, ಎಲ್ಲೂ ಕೇಳಿರಲಿಲ್ಲ. ಇವನು ಊದುತ್ತಿದ್ದುದನ್ನು ಕೇಳಿ ನನಗೆ ಕೆಲಸ ಮರೆತುಹೋಯಿತು.

ಆಮೇಲೆ ಅವನ ತುಟಿ ಕಂಡಿತು. ಒಡೆದು ರಕ್ತ ಬರುತ್ತಿತ್ತು. ಪಕ್ಕದಲ್ಲಿ ಅವನ ಚಪ್ಪಲಿ, ಟವೆಲು ಹಿಡಿದುಕೊಂಡು ಹೆಂಡತಿ ನಿಂತಿದ್ದಳು.

"ನಿನ್ನೆ ಮದ್ಯಾನದಿಂದ ನಿಲ್ಸಿಲ್ಲಕ್ಕ," ಎಂದಳು. "ಊಟ ಇಲ್ಲ, ನಿದ್ದೆ ಇಲ್ಲ. ಕಿತ್ಕೊಳ್ಳಕ್ಕೋದ್ರೆ ಹೊಡಿಯಕ್ ಬತ್ತಾರೆ. ಇವ್ರಿಗೆ ನಿಲ್ಸಕ್ಕೆ ಬರ್ತಿಲ್ಲ."

ನಮ್ಮ ತಂಡಕ್ಕೆ ಇರುವುದು ಒಂದು ಜೀಪು, ಒಬ್ಬರು ಮನೋರೋಗದ ಡಾಕ್ಟರು. ಸುತ್ತಬೇಕಾದ್ದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಡಾಕ್ಟರು ಒಂದು ಊರಿನಲ್ಲಿದ್ದರೆ ನಾನು ಇನ್ನೊಂದು ಊರಿನಲ್ಲಿ ಹಳೆಯ ರೋಗಿಗಳನ್ನು ವಿಚಾರಿಸಿಕೊಂಡು ಮಾತ್ರೆ ಕೊಡುವುದು ವಾಡಿಕೆ. ಪುಣ್ಯಕ್ಕೆ ಅವತ್ತು ಡಾಕ್ಟರು ಅಲ್ಲೇ ಇದ್ದರು. ಗಣೆಯವನನ್ನು ಹೇಗೋ ಮಾತಾಡಿಸಿ ಒಳಗೆ ಕರೆತಂದೆವು. ಕುರ್ಚಿಯಲ್ಲಿ ಕೂರಲಿಲ್ಲ. ಬಾಯಲ್ಲಿ ಬ್ರಾಂದಿ ವಾಸನೆ, ಮಾತು ಮಳೆ ಸುರಿದಂತೆ. ರಾಯಚರ್ಲು ಕಡೆಯ ಹಟ್ಟಿ ಅವನದು. ಸುತ್ತಲೂ ಸೋಲಾರ್ ಪಾರ್ಕಿನ ಫಲಕಗಳು.

"ಆ ಪ್ಲೇಟ್‌ಗಳಿಗೆ ಬಿಸಿಲಿಂದ ಕರೆಂಟ್ ಬತ್ತೈತೆ ಅಂದ್ಕೊಂಡಿದ್ದೀರಾ ಸಾರ್? ನಾನು ಊದಿದ್ರೆ ಬರೋದು. ನಿಲ್ಸಿದ್ರೆ ಬೆಂಗ್ಳೂರೆಲ್ಲ ಕತ್ಲೆ," ಎಂದ.

ಡಾಕ್ಟರು ನಗಲಿಲ್ಲ. "ಅಂಗಾದ್ರೆ ನೀನು ಒಂದು ಗಳಿಗೆನೂ ಮಲಗೋ ಹಂಗಿಲ್ಲ ಅನ್ನಪ್ಪ," ಎಂದರು.

"ಅದೇ ನೋಡಿ ಸಾರ್ ಕಷ್ಟ," ಎಂದು ಅವನು ಮೊದಲ ಸಲ ಸುಸ್ತಾದವನ ಹಾಗೆ ಗೋಡೆಗೆ ಒರಗಿದ.

ಅವನ ಜೊತೆ ದೊಡ್ಡಪ್ಪನೂ ಬಂದಿದ್ದ. ಹಟ್ಟಿಯ ಗುಡಿಯಲ್ಲಿ ಪೂಜೆ ಮಾಡುವ ಹಿರಿಯ, ಮಾತು ಕಡಿಮೆ. ಅವನ ತೀರ್ಪು ಮೊದಲೇ ಸಿದ್ಧವಾಗಿತ್ತು: "ಕುಡ್ದು ಕುಡ್ದು ತಲೆ ಕೆಟ್ಟೋಗೈತೆ ಕಣಮ್ಮ. ಕುಡಿಯೋದು ಬುಡ್ಸಿ, ಎಲ್ಲ ಸರಿಹೋಯ್ತದೆ." ಕುಡಿತ ಬಿಡಿಸುವ ಕಡೆಗೆ ಹಿಂದೆಯೂ ಸೇರಿಸಿದ್ದರಂತೆ. ಬಂದ ಮೇಲೆ ಕೆಲವು ತಿಂಗಳು ಚೆನ್ನಾಗಿದ್ದು ಮತ್ತೆ ಇದೇ ಹಾಡು.

ಇಂಥ ಕಡೆ ನನ್ನ ಕೆಲಸ ಒಂದೇ. ಯಾವುದು ಮೊದಲು ಬಂತು, ಯಾವುದು ಆಮೇಲೆ ಬಂತು ಎಂದು ಬಿಡಿಸುವುದು. ತಾರೀಖು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಕುರಿಯ ಲೆಕ್ಕದಲ್ಲಿ ಕೇಳಿದೆ. ಉಣ್ಣೆ ಕತ್ತರಿಸುವಾಗ ಹೇಗಿದ್ದ? ಮರಿ ಹಾಕುವಾಗ? ಕಡಲೆಕಾಯಿ ಕಿತ್ತ ಹೊಲಕ್ಕೆ ಕುರಿ ಬಿಟ್ಟಾಗ?

"ಉಣ್ಣೆ ಕತ್ರಿಸೋವಾಗ ಮಾತೇ ಆಡ್ತಿರ್ಲಿಲ್ಲ. ಮೂಲೇಲಿ ಬಿದ್ಕೊಂಡಿರೋರು," ಎಂದಳು. "ಕಡ್ಲೆಕಾಯಿ ಕಿತ್ತ ಮೇಲೆ ಎದ್ರು ನೋಡಿ. ಅರಳು ಹುರಿದಂಗೆ ಮಾತು. ನನ್ನ ಕರ್ಕೊಂಡು ತಿರುಮಣಿಗೆ ನಡ್ಕೊಂಡೇ ಹೋಗಿ ಸೀರೆ ಕೊಡಿಸಿದ್ರು. ದಾರಿ ಪೂರಾ ಹಾಡು."

"ಆವಾಗ ಕುಡೀತಿದ್ನಾ?"

ಅವಳು ಯೋಚಿಸಿದಳು. ಅವಳಿಗೇ ಆಶ್ಚರ್ಯವಾದ ಹಾಗೆ ಕಂಡಿತು. "ಇಲ್ಲ. ಆವಾಗ ಇಲ್ಲ. ನಿದ್ದೆ ಹೋದ್ಮೇಲೆ ಸುರುವಾಗಿದ್ದು. ಮೈಯೆಲ್ಲ ಓಡ್ತೈತೆ, ಕುಡಿದ್ರೆ ಒಸಿ ನಿಲ್ತೈತೆ ಅನ್ನೋರು."

ಅಲ್ಲಿಗೆ ದಾರಿ ಸಿಕ್ಕಿತು. ಉನ್ಮಾದ ಮೊದಲು, ಬಾಟಲಿ ಆಮೇಲೆ. ಏರಿದ ಮೈಯನ್ನು ಇಳಿಸಲು ಕುಡಿಯುತ್ತಾನೆ. ಕುಡಿದರೆ ಇದ್ದ ಚೂರು ನಿದ್ದೆಯೂ ಕೆಡುತ್ತದೆ, ಕೆಟ್ಟರೆ ಇನ್ನೂ ಏರುತ್ತದೆ. ಒಂದು ಇನ್ನೊಂದರ ಹೆಗಲ ಮೇಲೆ ಕೂತಿರುತ್ತದೆ. ಬರೀ ಕುಡಿತ ಬಿಡಿಸಿ ಮನೆಗೆ ಕಳಿಸಿದ್ದರಿಂದಲೇ ಅದು ಪ್ರತಿಸಲ ಮರಳಿ ಬಂದಿದ್ದು. ಹಾಗೆಂದು ಕುಡಿತ ನಿರಪರಾಧಿ ಏನಲ್ಲ. ಒಮ್ಮೆ ಮಂಕು, ಒಮ್ಮೆ ಉನ್ಮಾದ ಬರುವ ಈ ಕಾಯಿಲೆ ಇದ್ದವನಿಗೆ ಎರಡನ್ನೂ ಒಟ್ಟಿಗೇ ನೋಡಬೇಕು.

ಹೊರಡುವ ಮುಂಚೆ ಅವಳು ನನ್ನನ್ನು ಬಾಗಿಲ ಹತ್ತಿರ ತಡೆದಳು. "ಒಂದ್ ಮಾತು ಕೇಳ್ಲಾ ಅಕ್ಕ? ತಿರುಮಣಿಗೆ ಹೋಗಿದ್ವಲ್ಲ, ಆವತ್ತೂ ಕಾಯಿಲೆನೇನಾ?"

ಹೌದು ಅನ್ನಬೇಕಿತ್ತು. "ನೋಡೋಣ ಕಣಮ್ಮ," ಎಂದೆ.

ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿಸಿದೆವು. ಕುಡಿತ ದಿಢೀರನೆ ನಿಂತಾಗ ಬರುವ ನಡುಕ, ಫಿಟ್ಸು ತಡೆಯಲು ಮೊದಲು ಅದರ ಔಷಧಿ, ವಿಟಮಿನ್ ಇಂಜೆಕ್ಷನ್ನು. ಅದು ಕಳೆದ ಮೇಲೆ ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಲಿಥಿಯಂ ಶುರು ಮಾಡಿದರು. ಒಳ್ಳೆಯ ಔಷಧಿ, ಆದರೆ ಬಿಗಿ ಸ್ವಭಾವದ್ದು. ರಕ್ತದಲ್ಲಿ ಸ್ವಲ್ಪ ಕಡಿಮೆಯಾದರೆ ಉಪಯೋಗವಿಲ್ಲ, ಸ್ವಲ್ಪ ಹೆಚ್ಚಾದರೆ ವಿಷ. ನೀರು ಚೆನ್ನಾಗಿ ಕುಡಿಯಬೇಕು, ವಾಂತಿ ಭೇದಿಯಾದರೆ ಮಾತ್ರೆ ನಿಲ್ಲಿಸಿ ಓಡಿ ಬರಬೇಕು, ಊಟದಲ್ಲಿ ಉಪ್ಪು ಬಿಡಬಾರದು. ಎಲ್ಲ ಹೇಳಿದೆ. ಅವಳಿಂದ ಒಪ್ಪಿಸಿಯೂ ಕೇಳಿದೆ. ಪಥ್ಯ ಗಿಥ್ಯ ಮಾಡಬೇಡ ಎಂದೆ. ಮಾಡಲ್ಲಕ್ಕ ಎಂದಳು.

ಉನ್ಮಾದ ಇಳಿಯಿತು. ಮನುಷ್ಯ ಮನೆಗೆ ಬಂದ, ಕುರಿ ಹೊಡೆದುಕೊಂಡು ಹೋಗತೊಡಗಿದ. ನಮ್ಮ ಪಾಲಿಗೆ ಇದು ಗೆದ್ದ ಕೇಸು. ಒಂದು ಸಲ ಅವರ ಹಟ್ಟಿ ಕಡೆ ಹೋದಾಗ ಹುಡುಕಿಕೊಂಡು ಹೋದೆ. ಸೋಲಾರ್ ಪಾರ್ಕಿನ ಬೇಲಿಯ ಪಕ್ಕದಲ್ಲಿ ಕುರಿ ಮೇಯುತ್ತಿದ್ದವು. ಇವನು ಜಾಲಿ ಮರದ ಕೆಳಗೆ ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತು ಕೈಮುಗಿದ. ಮುಗಿದ ಕೈ ನಡುಗುತ್ತಿತ್ತು, ಲಿಥಿಯಂ ಕೆಲವರಿಗೆ ಹಾಗೆ ಮಾಡುತ್ತದೆ.

"ಹೆಂಗಿದ್ದೀಯಪ್ಪ?"

"ಚೆನ್ನಾಗಿದೀನಿ ಸಿಸ್ಟ್ರೇ. ಊಟ, ನಿದ್ದೆ, ಎಲ್ಲ."

"ಗಣೆ?"

ಕುರಿಗಳ ಕಡೆ ಕೈ ತೋರಿಸಿದ. "ಈಗ ಕುರಿ ನೋಡಿದ್ರೆ ಕುರಿ ಕಾಣ್ತವೆ. ಅಷ್ಟೇ ಕಾಣ್ತವೆ. ಆವಾಗ ಒಂದೊಂದು ಕುರಿಗೂ ಒಂದೊಂದು ರಾಗ ಇತ್ತು ಸಿಸ್ಟ್ರೇ. ನಾನು ಯೋಚ್ನೆ ಮಾಡೋಕೆ ಮುಂಚೆ ಬೆರಳು ಓಡೋವು. ಅದು ಕಾಯಿಲೆ ಅಂತೀರಿ, ಸರಿ. ಆದ್ರೆ ಅದಿಲ್ದೆ ನಂಗೆ ಹೊತ್ತೇ ಹೋಗಲ್ಲ." ಎರಡು ಕೈಯನ್ನೂ ನನ್ನ ಮುಂದೆ ಚಾಚಿದ. "ಊದಾನ ಅಂದ್ರೆ ಇವು ತೂತಿನ ಮ್ಯಾಲೆ ನಿಲ್ಲಲ್ಲ."

ಕೆಲಸಕ್ಕೆ ಸೇರಿದ ಹೊಸದರಲ್ಲಾಗಿದ್ದರೆ ಒಂದು ಭಾಷಣ ಬಿಗಿದಿರುತ್ತಿದ್ದೆ. ಆದರೆ ಈಗ ಬೇವಿನ ಮರದ ಕೆಳಗಿನ ಆ ದನಿಗಾಗಿ ನಾನೂ ಹಂಬಲಿಸುತ್ತಿದ್ದೆ. ಜೀಪಿನಲ್ಲಿ ಕೂತಾಗ, ಮನೆಯಲ್ಲಿ ಪಾತ್ರೆ ತೊಳೆಯುವಾಗ ಅದು ನೆನಪಾಗಿ ಕೈ ನಿಲ್ಲುತ್ತಿತ್ತು. ನಾನು ಅಂದು ಕೇಳಿದ್ದು ಅವನನ್ನೋ, ಅವನ ಕಾಯಿಲೆಯನ್ನೋ? ಕಾಯಿಲೆಯನ್ನೇ ಆದರೆ ಅದನ್ನು ಓಡಿಸಿದವರಲ್ಲಿ ನಾನೂ ಒಬ್ಬಳು.

ಮುಂದಿನ ಸಲ ಪಾವಗಡದಲ್ಲಿ ಸಿಕ್ಕಾಗ ಅವನ ಕೈ ನಡುಗುತ್ತಿರಲಿಲ್ಲ. ನಾನು ಖುಷಿಪಡುವಷ್ಟರಲ್ಲಿ ಡಾಕ್ಟರು ಮೂಗು ಅರಳಿಸಿದರು. ಎರಡು ಗುಟುಕು ಹಾಕಿದರೆ ನಡುಕ ನಿಲ್ಲುತ್ತದೆ ಎಂದು ಅವನೇ ಕಂಡುಕೊಂಡಿದ್ದ. ಅದು ಸುಳ್ಳೂ ಅಲ್ಲ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಎರಡು ಗುಟುಕು ನಾಲ್ಕಾಗಿ, ಕುಡಿದ ದಿನ ಮಾತ್ರೆ ಮರೆತು, ನಿದ್ದೆ ಮತ್ತೆ ತೆಳ್ಳಗಾಗುತ್ತಿತ್ತು. ಮೊದಲು ಏರಿದ್ದನ್ನು ಇಳಿಸಲು ಕುಡಿದ. ಈಗ ಇಳಿದದ್ದನ್ನು ಮರಳಿ ಏರಿಸಲು. ಬಾಗಿಲು ಬೇರೆ ಬೇರೆ, ಒಳಗಿರುವ ಮನೆ ಅದೇ.

ಡಾಕ್ಟರು ಬಯ್ಯಲಿಲ್ಲ. ಲಿಥಿಯಂ ಪ್ರಮಾಣ ಸ್ವಲ್ಪ ಇಳಿಸಿದರು, ನಡುಕಕ್ಕೆ ಬೇರೆ ಸಣ್ಣ ಮಾತ್ರೆ ಸೇರಿಸಿದರು. "ಕೈ ನಡುಗಿದ್ರೆ ನಮಗೆ ಹೇಳು, ಬಾಟ್ಲಿಗೆ ಹೇಳ್ಬೇಡ," ಎಂದರು. ದೊಡ್ಡಪ್ಪನಿಗೆ ಮಾತ್ರ ಇದು ಸಾಕೆನಿಸಲಿಲ್ಲ. ಕುಡಿದ ಬಾಯಿ ಗಣೆ ಮುಟ್ಟುವಂತಿಲ್ಲ ಎಂಬುದು ಅವರ ಹಟ್ಟಿಯ ಕಟ್ಟಳೆ. ಅವನು ಗಣೆಯನ್ನು ಕಿತ್ತುಕೊಂಡು ಗುಡಿಯ ಮಾಡಿನಲ್ಲಿ ಸಿಕ್ಕಿಸಿದ್ದ. ಶುದ್ಧನಾಗಿ ಬಂದರೆ ವರ್ಷದ ಪೂಜೆಯ ದಿನ ಗಣೆ ಅವನ ಕೈಗೆ, ಇಲ್ಲದಿದ್ದರೆ ಬೇರೆಯವರ ಕೈಗೆ ಎಂದು ಎಲ್ಲರ ಮುಂದೆ ಹೇಳಿದನಂತೆ. ಅದನ್ನು ನನಗೆ ಹೇಳುವಾಗ ಗಣೆಯವನ ಕಣ್ಣಲ್ಲಿ ಬಹಳ ದಿನಗಳ ನಂತರ ಆಸೆ ಕಂಡೆ. "ಈ ಸಲ ಒಂದ್ ತೊಟ್ಟೂ ಮುಟ್ಟಲ್ಲ ಸಿಸ್ಟ್ರೇ. ಅದು ನನ್ ಕೈಗೆ ಬರ್ಬೇಕು," ಎಂದ. ನಂಬಿದೆ.

ಬೇಸಿಗೆ ಬಂತು. ಪಾವಗಡದ ಬೇಸಿಗೆ ಎಂದರೆ ಬೆಳಿಗ್ಗೆ ಒಣಗಹಾಕಿದ ಟವೆಲು ಮಡಚುವ ಹೊತ್ತಿಗೆ ಹಪ್ಪಳ. ಅವತ್ತು ಡಾಕ್ಟರು ಕೊರಟಗೆರೆಯಲ್ಲಿದ್ದರು, ಪಾವಗಡದಲ್ಲಿ ನಾನೊಬ್ಬಳೇ. ಹನ್ನೊಂದರ ಸುಮಾರಿಗೆ ಒಂದು ಆಟೋ ಬಂದು ನಿಂತಿತು. ದೊಡ್ಡಪ್ಪ ಮೊದಲು ಇಳಿದ. ಹಿಂದೆ ಹೆಂಡತಿ. ಅವರಿಬ್ಬರ ನಡುವೆ ಜೋಲುತ್ತ ಗಣೆಯವನು. ಕಾಲು ಅತ್ತ ಒಂದು ಇತ್ತ ಒಂದು ಬೀಳುತ್ತಿತ್ತು. ಏನೋ ಹೇಳಿದ, ನಾಲಿಗೆ ಹೊರಳಲಿಲ್ಲ.

"ಏಂ ಚೆಪ್ಪೇದಮ್ಮ," ಎಂದ ದೊಡ್ಡಪ್ಪ. ಏನಂತ ಹೇಳಲಿ ಎಂದು ಅದರರ್ಥ; ಸಿಟ್ಟು ಬಂದರೆ ಅವನಿಗೆ ತೆಲುಗು ಬರುತ್ತದೆ. "ಪೂಜೆ ಮುಂದಿನ ವಾರ ಐತೆ. ಇಷ್ಟ್ ದಿನ ಸುಮ್ಕಿದ್ದು ಈಗ ಕುಡ್ಕೊಂಡು ಕುಂತವ್ನೆ. ಒಂದ್ ನಿದ್ದೆ ಸೂಜಿ ಚುಚ್ಚಿ ಕೊಡ್ರಿ, ಕರ್ಕೊಂಡೋಗಿ ಮಲಗಿಸ್ತೀನಿ. ಗಣೆ ವಿಚಾರ ಮುಗೀತು."

ನೋಡಿದವರು ಯಾರಾದರೂ ಅದನ್ನೇ ಹೇಳುತ್ತಿದ್ದರು. ತೂರಾಡುವ ಕಾಲು, ತೊದಲುವ ಮಾತು, ವಾಂತಿಯಾದ ಅಂಗಿ. ನಾನೂ ಹಾಗೇ ಅಂದುಕೊಂಡೆ. ಬೆಂಚಿನ ಮೇಲೆ ಮಲಗಿಸಿ ಬಾಯಿಯ ಹತ್ತಿರ ಮೂಗು ಒಡ್ಡಿದೆ. ವಾಂತಿಯ ಹುಳಿ ವಾಸನೆ ಇತ್ತು. ಹೆಂಡದ್ದು ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಇರಲಿಲ್ಲ. ಕೈ ಚಾಚಲು ಹೇಳಿದರೆ ಮೊದಲಿನ ಸಣ್ಣ ನಡುಕವಲ್ಲ, ಜರಡಿ ಹಿಡಿದವನಂತೆ ತೋಳೇ ಕುಲುಕುತ್ತಿತ್ತು. ತೊಡೆಯ ಮಾಂಸ ತಾನಾಗಿ ಎಗರುತ್ತಿತ್ತು.

"ಕುಡಿದಿದ್ದು ಯಾರಾದ್ರೂ ನೋಡಿದ್ರಾ?" ಎಂದೆ.

"ಇಲ್ಲಕ್ಕ," ಎಂದಳು ಹೆಂಡತಿ. "ನನ್ ಕಣ್ ತಪ್ಪಿಸಿ ಎಲ್ಲೂ ಹೋಗಿಲ್ಲ. ಮೂರ್ ದಿನದಿಂದ ಹೊಟ್ಟೆ ತೊಳಸ್ತೈತೆ ಅಂತಾರೆ."

ಡಾಕ್ಟರಿಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಅಷ್ಟರಲ್ಲಿ ನೀರಾದರೂ ಕುಡಿಸೋಣವೆಂದು ಓಆರ್‌ಎಸ್ ಪೊಟ್ಟಣ ಹರಿದು ಲೋಟಕ್ಕೆ ಸುರಿದೆ. ಅವಳು ಗಬಕ್ಕನೆ ನನ್ನ ಕೈ ಹಿಡಿದುಕೊಂಡಳು.

"ಅದ್ರಲ್ಲಿ ಉಪ್ಪೈತಾ ಅಕ್ಕ?"

"ಇರ್ತದೆ. ಯಾಕೆ?"

"ಬ್ಯಾಡಕ್ಕ. ಹರಕೆ ಐತೆ."

ಅವಳು ದೊಡ್ಡಪ್ಪನ ಮುಖ ನೋಡಿದಳು. ಅವನು ಗಂಟಲು ಸರಿಮಾಡಿಕೊಂಡ. ಗಣೆ ಮುಟ್ಟಲು ಶುದ್ಧನಾಗಬೇಕಲ್ಲ, ಅದಕ್ಕೆ ಪೂಜೆಯ ದಿನದವರೆಗೆ ಸಪ್ಪೆ ಊಟದ ಹರಕೆ ಕಟ್ಟಿಸಿದ್ದನಂತೆ. ಮುದ್ದೆಗೆ ಉಪ್ಪಿಲ್ಲ, ಸಾರಿಗೆ ಉಪ್ಪಿಲ್ಲ, ಮಜ್ಜಿಗೆಗೆ ಉಪ್ಪಿಲ್ಲ. ಉರಿಬಿಸಿಲಿನಲ್ಲಿ ಕುರಿಯ ಹಿಂದೆ ಬೆವರು ಸುರಿಸಿಕೊಂಡು ದಿನವಿಡೀ ನಡೆಯುವುದು, ಸಂಜೆ ಬಂದು ಸಪ್ಪೆ ಮುದ್ದೆ ಉಣ್ಣುವುದು, ಲಿಥಿಯಂ ಮಾತ್ರೆಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸದೆ ನುಂಗುವುದು. ಇಷ್ಟು ನಿಷ್ಠೆಯಿಂದ ಅವನು ಎಂದೂ ಮಾತ್ರೆ ತಿಂದಿರಲಿಲ್ಲ.

"ಉಪ್ಪು ಬಿಡ್ಬ್ಯಾಡ ಅಂತ ಹೇಳಿದ್ನಲ್ಲಮ್ಮ ನಿಂಗೆ."

"ನೀವು ಪಥ್ಯ ಮಾಡ್ಬ್ಯಾಡ ಅಂದ್ರಿ. ಪಥ್ಯ ಮಾಡಿಲ್ಲಕ್ಕ. ಇದು ದ್ಯಾವ್ರುದು," ಎಂದಳು. ಅವಳ ಮುಖದಲ್ಲಿ ಕಳ್ಳತನ ಸ್ವಲ್ಪವೂ ಇರಲಿಲ್ಲ. ದೇವರ ವಿಷಯವನ್ನು ಆಸ್ಪತ್ರೆಯವರಿಗೆ ಯಾಕೆ ಹೇಳಬೇಕು ಎಂದು ಅವರಿಗೆ ತೋಚಿಯೇ ಇರಲಿಲ್ಲ, ಹರಕೆ ಇದೆಯಾ ಎಂದು ಕೇಳಬೇಕೆಂದು ನಮಗೂ ತೋಚಿರಲಿಲ್ಲ.

ಮೈಗೆ ಉಪ್ಪು ಸಿಗದಿದ್ದರೆ ಮೂತ್ರಪಿಂಡ ಲಿಥಿಯಂ ಅನ್ನೇ ಉಪ್ಪಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ. ಆಚೆ ಹೋಗಬೇಕಾದದ್ದು ರಕ್ತದಲ್ಲೇ ಏರುತ್ತ ಹೋಗುತ್ತದೆ. ಇವನು ಕುಡಿದಿರಲಿಲ್ಲ. ಕುಡಿಯದೇ ಇರಲು ಹೋಗಿ ಹೀಗಾಗಿದ್ದ. ಇಂಥವನಿಗೆ ನಿದ್ದೆಯ ಸೂಜಿ ಕೊಟ್ಟು ಮನೆಯಲ್ಲಿ ಮಲಗಿಸಿದ್ದರೆ ಅವನು ಏಳುತ್ತಿದ್ದನೋ ಇಲ್ಲವೋ.

ದೊಡ್ಡಪ್ಪ ಅವನನ್ನು ಎಬ್ಬಿಸಲು ಭುಜಕ್ಕೆ ಕೈ ಹಾಕಿದ್ದ. ನಾನು ಆಟೋದವನಿಗೆ ಹೋಗು ಎಂದೆ. ಅವನು ಹೋದ. "ಇವನನ್ನ ಮನೆಗೆ ಕಳ್ಸಲ್ಲ. ಇವನು ಒಂದ್ ತೊಟ್ಟೂ ಕುಡಿದಿಲ್ಲ. ಇದು ಮಾತ್ರೆ ವಿಷವಾಗಿರೋದು," ಎಂದೆ. ಡಾಕ್ಟರ ಒಪ್ಪಿಗೆಗೆ ಕಾಯದೆ, ಪಕ್ಕದ ಕೋಣೆಯ ಡ್ಯೂಟಿ ಡಾಕ್ಟರನ್ನು ಕರೆತಂದು ವಿಷಯ ಹೇಳಿದೆ. ಅವರು ತಡಮಾಡದೆ ಸಲೈನ್ ಹಾಕಿಸಿ ಆಂಬುಲೆನ್ಸಿಗೆ ಹೇಳಿದರು. ಅಷ್ಟರಲ್ಲಿ ನಮ್ಮ ಡಾಕ್ಟರ ಫೋನು ಬಂತು. ಎಲ್ಲ ಕೇಳಿ, "ಲಿಥಿಯಂ ನಿಲ್ಸಿ, ರಕ್ತ ತೆಗೆದು ಜೊತೆಲೇ ಕಳ್ಸಿ, ನೀವೂ ಹೋಗಿ," ಎಂದರು.

ದೊಡ್ಡಪ್ಪ ಬಾಟಲಿಯನ್ನೇ ನೋಡುತ್ತಿದ್ದ. "ಇದೇನಮ್ಮ ಇದು?"

"ಉಪ್ಪುನೀರು."

ಒಂದು ಕ್ಷಣ ಅವನು ತಡೆಯುತ್ತಾನೆ ಅಂದುಕೊಂಡೆ. ತಡೆದಿದ್ದರೆ ಆ ಹೆಂಡತಿ ಅವನ ಮಾತು ಮೀರುತ್ತಿರಲಿಲ್ಲ. ಮುದುಕ ಬೆಂಚಿನ ಮೇಲೆ ಮಲಗಿದ್ದ ಮಗನಂಥವನನ್ನು ನೋಡಿದ, ಅವನ ಕುಲುಕುವ ಕೈಯನ್ನು ತನ್ನ ಎರಡು ಕೈಯಲ್ಲಿ ಒತ್ತಿ ಹಿಡಿದುಕೊಂಡ.

"ಕುಡೀದೆ ಇದ್ದೋನ್ನ ಕುಡ್ದವ್ನೆ ಅಂದ್ಬುಟ್ಟೆ ಕಣಮ್ಮ," ಎಂದ. ಆಮೇಲೆ ಗಣೆಯವನ ಹೆಂಡತಿಯ ಕಡೆ ತಿರುಗಿ, "ಹರಕೆ ಮುರಿಯೋದ್ ಬ್ಯಾಡ ಬುಡು. ಕಟ್ಸಿದೋನು ನಾನು. ಅವನ ಸಪ್ಪೆ ನಾನು ಉಣ್ತೀನಿ. ಅವ್ನಿಗೆ ಉಪ್ಪು ಹಾಕು," ಎಂದ.

ರಕ್ತದಲ್ಲಿ ಲಿಥಿಯಂ ಇರಬೇಕಾದ್ದಕ್ಕಿಂತ ಬಹಳ ಮೇಲೇರಿತ್ತು. ಕೆಲವು ದಿನ ಅವನಿಗೆ ನಮ್ಮ ಗುರುತೂ ಸರಿಯಾಗಿ ಸಿಗಲಿಲ್ಲ. ಮೂತ್ರಪಿಂಡ ಕೈಕೊಡಲಿಲ್ಲ, ಅದೇ ಪುಣ್ಯ. ಪೂಜೆಯ ದಿನ ಅವನು ವಾರ್ಡಿನಲ್ಲೇ ಮಲಗಿದ್ದ. ಹೆಂಡತಿ ಕಿಟಕಿಯ ಹತ್ತಿರ ಕೂತು ನನ್ನೊಂದಿಗೆ ಮಾತಾಡಿದಳು. "ತಿರುಮಣಿಗೆ ನಡ್ಕೊಂಡ್ ಹೋಗಿದ್ದು ಕಾಯಿಲೆ ಅಂತ ನಂಗೂ ಗೊತ್ತಕ್ಕ. ಗೊತ್ತಿದ್ರೂ ಇನ್ನೊಂದ್ ಸಲ ಅಂಗೆ ಕರ್ಕೊಂಡ್ ಹೋಗ್ಲಿ ಅನ್ನುಸ್ತೈತೆ. ಕೆಟ್ಟೋಳಾ ನಾನು?"

"ನೀನು ಕೆಟ್ಟೋಳಾದ್ರೆ ನಾನೂ ಕೆಟ್ಟೋಳೇ," ಎಂದೆ. ಯಾಕೆಂದು ಅವಳು ಕೇಳಲಿಲ್ಲ.

ಡಾಕ್ಟರು ಲಿಥಿಯಂ ಬಿಟ್ಟು ಬೇರೆ ಔಷಧಿ ಶುರು ಮಾಡಿದರು. ಅಂದಿನಿಂದ ನಾಲ್ಕು ತಾಲ್ಲೂಕಿನಲ್ಲೂ ನಾವು ಎಲ್ಲರನ್ನೂ ಕೇಳುವ ಪ್ರಶ್ನೆಗಳಲ್ಲಿ ಒಂದು ಹೆಚ್ಚಾಗಿದೆ: ಯಾವುದಾದರೂ ಹರಕೆ, ಒಪ್ಪತ್ತು, ಉಪವಾಸ ಇದೆಯಾ? ಶಿರಾದಲ್ಲಿ ರಂಜಾನಿನ ರೋಜಾ ಇದೆಯಾ ಎಂದೂ ಕೇಳುತ್ತೇವೆ. ಜನ ನಗುತ್ತಾರೆ, ನಕ್ಕು ಹೇಳುತ್ತಾರೆ.

ಮಳೆ ಒಂದೆರಡು ಬಿದ್ದ ಮೇಲೆ ಹಟ್ಟಿಗೆ ಹೋದೆ. ದೊಡ್ಡಪ್ಪ ಗುಡಿಯ ಮುಂದೆ ಕೂತು ಮುದ್ದೆ ಮುರಿಯುತ್ತಿದ್ದ. ಇನ್ನೂ ಸಪ್ಪೆಯೇ. ಪೂಜೆ ಕಳೆದರೂ ಗಣೆಯವನು ಮತ್ತೆ ಊದುವ ದಿನದವರೆಗೆ ಎಂದು ತಾನಾಗಿ ಮುಂದುವರಿಸಿದ್ದ. ಅವನ ರಕ್ತದೊತ್ತಡ ನೋಡಿದೆ, ಯಾವತ್ತೂ ಇಲ್ಲದಷ್ಟು ಚೆನ್ನಾಗಿತ್ತು. "ನಿಂಗೆ ಈ ಹರಕೆ ಜೀವಮಾನ ಪೂರ್ತಿ ಇರ್ಲಿ ಯಜಮಾನ," ಎಂದೆ. ಮೊದಲ ಸಲ ನಕ್ಕ.

ಆಮೇಲೆ ಎದ್ದು ಕೈತೊಳೆದು, ಮಾಡಿನಿಂದ ಗಣೆ ತೆಗೆದು ಪಕ್ಕದಲ್ಲಿ ಕೂತಿದ್ದ ಗಣೆಯವನ ಕೈಗಿಟ್ಟ. ಅವನು ಅದನ್ನು ಬಟ್ಟೆಯಲ್ಲಿ ಒರೆಸಿದ, ಒಳಗೆ ಉಸಿರು ಬಿಟ್ಟು ಧೂಳು ತೆಗೆದ. ಬೆರಳು ಇನ್ನೂ ಸ್ವಲ್ಪ ನಡುಗುತ್ತಿದ್ದವು. ಊದಿದ. ಮೊದಲ ದನಿ ಸೀಳಿತು. ಎರಡನೆಯದು ಸ್ಥಿರವಾಗಿ ನಿಂತಿತು. ಎದುರಿನ ಮನೆಯಲ್ಲಿ ಹೆಂಡತಿ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಒಂದು ಸಣ್ಣ ಪದ ಊದಿದ, ಅಲ್ಲಲ್ಲಿ ಎಡವಿ, ಎಡವಿದಲ್ಲಿಗೆ ಮರಳಿ ಬಂದು. ಆಮೇಲೆ ಗಣೆ ಇಳಿಸಿ ನನ್ನ ಕಡೆ ನೋಡಿದ.

"ಬೇವಿನ ಮರದ ತಾವ ಊದಿದ್ನಲ್ಲ ಸಿಸ್ಟ್ರೇ, ಅಂಗೆ ಬಂತಾ?"

ಸುಳ್ಳು ಹೇಳಲು ಆಸೆಯಾಯಿತು. ಆ ದನಿ ನನಗೆ ಇನ್ನೂ ಬೇಕಾಗಿತ್ತು, ಈಗಲೂ ಬೇಕು. "ಇಲ್ಲಪ್ಪ," ಎಂದೆ.

"ಗೊತ್ತು ನಂಗೂ. ಅದು ಬರಲ್ಲ," ಎಂದ. ಗಣೆಯನ್ನು ಬಟ್ಟೆಯಲ್ಲಿ ಸುತ್ತಿದ. ಸುತ್ತುತ್ತ ಬಾಗಿಲಲ್ಲಿ ನಿಂತವಳ ಕಡೆ ನೋಡಿ ಹೇಳಿದ: "ಆದ್ರೆ ಇವತ್ತು ನಿಲ್ಸಕ್ಕೆ ಬಂತು ನೋಡು."